ಗೋಡೆಯ ಮೇಲಿನ ಹಸಿರು ಫಲಕಕ್ಕೆ ಸಾಕ್ಷಿ ಯಾರು?

ಉಮ್ಮತ್ತೂರಿನ ಬಯಲನ್ನು ಬಲ್ಲವರಿಗೆ ನೀರಿನ ಬೆಲೆಯನ್ನು ಯಾರೂ ಬೋಧಿಸಬೇಕಾಗಿಲ್ಲ. ಒಂದು ಕಾಲದಲ್ಲಿ ವಿಜಯನಗರದ ಅರಸರಿಗೇ ಸವಾಲೆಸೆದ ಪಾಳೆಯಗಾರರ ನೆಲೆಯಾಗಿದ್ದ ಈ ಊರು ಇಂದು ಚಾಮರಾಜನಗರ ಜಿಲ್ಲೆಯ ಒಂದು ಸಾಮಾನ್ಯ ಗ್ರಾಮ. ಸುತ್ತಲಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ಅವುಗಳಿಗಾಗಿಯೇ ಸರಕಾರವು ಇಲ್ಲಿ ಸಂರಕ್ಷಣಾ ಮೀಸಲು ಪ್ರದೇಶವನ್ನು ಘೋಷಿಸಿದೆ. ಆ ಮೂಕ ಜೀವಿಯು ತನ್ನ ದಾಹಕ್ಕೆ ಬೇಕಾದಷ್ಟನ್ನೇ ಕುಡಿದು ಹೋಗುತ್ತದೆ. ಮನುಷ್ಯನು ಮಾತ್ರ ಒಂದು ಕೊಳವೆಬಾವಿ ಬತ್ತಿದರೆ ಅದರ ಪಕ್ಕದಲ್ಲಿಯೇ ಇನ್ನೂ ಆಳವಾದ ಇನ್ನೊಂದನ್ನು ಕೊರೆಯುತ್ತಾನೆ. ಗುಂಡ್ಲುಪೇಟೆ ಮತ್ತು ಚಾಮರಾಜನಗರದ ಕೆರೆಗಳಿಗೆ ಕಬಿನಿಯ ನೀರನ್ನು ಪಂಪು ಮಾಡಿ ತುಂಬಿಸಬೇಕಾಗಿ ಬಂದಿರುವುದು ನಾವು ಎಲ್ಲಿಗೆ ತಲುಪಿದ್ದೇವೆ ಎಂಬುದನ್ನು ತಿಳಿಸುತ್ತದೆ.

ಈ ನೆಲದ ಮಕ್ಕಳು ಉನ್ನತ ವ್ಯಾಸಂಗಕ್ಕಾಗಿ ಇಂದು ಮೈಸೂರಿಗೇ ಹೋಗಬೇಕಾಗಿಲ್ಲ. ಚಾಮರಾಜನಗರದ ಹೊರವಲಯದ ಬೇಡರಪುರದಲ್ಲಿ, ಸುವರ್ಣಗಂಗೋತ್ರಿ ಎಂಬ ಸುಂದರ ಹೆಸರಿನ ಆವರಣವೊಂದಿದೆ. ಮೈಸೂರು ವಿಶ್ವವಿದ್ಯಾನಿಲಯದ ಡಾ. ಬಿ.ಆರ್. ಅಂಬೇಡ್ಕರ್ ಸ್ನಾತಕೋತ್ತರ ಕೇಂದ್ರವಾಗಿದ್ದ ಅದು, 2023ರಲ್ಲಿ ಆರಂಭಗೊಂಡ ಏಳು ಹೊಸ ವಿಶ್ವವಿದ್ಯಾನಿಲಯಗಳ ಪೈಕಿ ಒಂದಾದ ಚಾಮರಾಜನಗರ ವಿಶ್ವವಿದ್ಯಾನಿಲಯವಾಯಿತು. ಕೂಲಿ ಮಾಡುವವರ, ಸಣ್ಣ ಹಿಡುವಳಿದಾರರ, ಅರಿಸಿನ ಮತ್ತು ಬಾಳೆ ಬೆಳೆಯುವವರ, ಸಂತೆಯಲ್ಲಿ ವ್ಯಾಪಾರ ಮಾಡುವವರ ಮಕ್ಕಳಿಗೆ, ವಿಶೇಷವಾಗಿ ದೂರದ ಊರಿಗೆ ಕಳುಹಿಸಲು ಮನೆಯವರು ಹಿಂಜರಿಯುವ ನಮ್ಮ ಹೆಣ್ಣುಮಕ್ಕಳಿಗೆ, ಅದು ಬಾಗಿಲು ತೆರೆದು ನಿಂತಿದೆ.

ಆದರೆ ಆ ಬಾಗಿಲು ಎಷ್ಟು ಕಾಲ ತೆರೆದಿರುವುದು ಎಂಬ ಆತಂಕವೂ ಇದೆ. 2025ರ ಆರಂಭದಲ್ಲಿ ರಾಜ್ಯದ ಸಂಪುಟ ಉಪಸಮಿತಿಯು ಒಂಬತ್ತು ಹೊಸ ವಿಶ್ವವಿದ್ಯಾನಿಲಯಗಳನ್ನು ಮುಚ್ಚುವ ಶಿಫಾರಸು ಮಾಡಿದಾಗ ಆ ಪಟ್ಟಿಯಲ್ಲಿ ಚಾಮರಾಜನಗರವೂ ಇತ್ತು. ಹಣವಿಲ್ಲ, ನಡೆಸುವುದು ಕಷ್ಟ ಎಂಬುದೇ ಮುಖ್ಯ ಕಾರಣವಾಗಿತ್ತು.

ಇಂತಹ ಹೊತ್ತಿನಲ್ಲಿ 'ಹಸಿರು ಆವರಣ', 'ಹಸಿರು ಕಟ್ಟಡ ಪ್ರಮಾಣಪತ್ರ' ಎಂದು ಮಾತನಾಡುವುದು ಹಸಿದವನ ಮುಂದೆ ಅತ್ತರಿನ ಸೀಸೆ ಇಟ್ಟಂತಲ್ಲವೇ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾಗಿದೆ. ಹಣವಿಲ್ಲದ ವಿಶ್ವವಿದ್ಯಾನಿಲಯಕ್ಕೇ ಈ ಮಾತು ಹೆಚ್ಚು ಅಗತ್ಯ. ಏಕೆಂದರೆ ನಾವು ಮಾತನಾಡುತ್ತಿರುವುದು ಅಲಂಕಾರದ ಕುರಿತಲ್ಲ, ಪ್ರತಿ ತಿಂಗಳೂ ಬರುವ ವಿದ್ಯುತ್ ಬಿಲ್ಲಿನ ಮತ್ತು ಪ್ರತಿ ಬೇಸಿಗೆಯಲ್ಲೂ ಬತ್ತುವ ಬಾವಿಯ ಕುರಿತು.

ಏನಿದು ಹಸಿರು ಪ್ರಮಾಣಪತ್ರ?

ಒಂದು ಕಟ್ಟಡವು ನೀರು, ವಿದ್ಯುತ್ತು ಮತ್ತು ಸಾಮಗ್ರಿಗಳನ್ನು ಎಷ್ಟು ಮಿತವಾಗಿ ಬಳಸುತ್ತದೆ, ತ್ಯಾಜ್ಯವನ್ನು ಹೇಗೆ ವಿಲೇವಾರಿ ಮಾಡುತ್ತದೆ, ಒಳಗಿರುವವರಿಗೆ ಗಾಳಿ ಬೆಳಕು ಸಿಗುತ್ತದೆಯೇ ಎಂಬುದನ್ನು ಹೊರಗಿನ ಪರೀಕ್ಷಕರು ಅಳೆದು ಅಂಕ ನೀಡುವ ವ್ಯವಸ್ಥೆಯೇ ಇದು. 1990ರಲ್ಲಿ ಬ್ರಿಟನ್ನಿನಲ್ಲಿ 'ಬ್ರೀಮ್' ಎಂಬ ಹೆಸರಿನಲ್ಲಿಯೂ 1998ರಲ್ಲಿ ಅಮೆರಿಕದಲ್ಲಿ 'ಲೀಡ್' ಎಂಬ ಹೆಸರಿನಲ್ಲಿಯೂ ಇದು ಪ್ರಾರಂಭವಾಯಿತು. ಲೀಡ್ ಪದ್ಧತಿಯಲ್ಲಿ ಒಟ್ಟು 110 ಅಂಕಗಳಿವೆ. 40 ಅಂಕ ದೊರೆತರೆ ಪ್ರಮಾಣಪತ್ರ, 50ಕ್ಕೆ ಬೆಳ್ಳಿ, 60ಕ್ಕೆ ಚಿನ್ನ, 80ಕ್ಕೆ ಪ್ಲಾಟಿನಂ ದರ್ಜೆ. ನಮ್ಮ ದೇಶದಲ್ಲಿ 2001ರಲ್ಲಿ ಹೈದರಾಬಾದಿನಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ಸ್ಥಾಪನೆಯಾಯಿತು. ಟೆರಿ ಸಂಸ್ಥೆಯು ಕೇಂದ್ರ ಸರಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯದೊಂದಿಗೆ ರೂಪಿಸಿದ 'ಗೃಹ' ಎಂಬ ಪದ್ಧತಿಯು ಒಂದರಿಂದ ಐದು ನಕ್ಷತ್ರಗಳ ತನಕ ದರ್ಜೆ ನೀಡುತ್ತದೆ. ನಮ್ಮ ಬಿಸಿಲು, ನಮ್ಮ ಮಳೆ, ನಮ್ಮ ಕಟ್ಟುವ ರೀತಿಗಳನ್ನು ಗಮನದಲ್ಲಿರಿಸಿ ಅದನ್ನು ರಚಿಸಲಾಗಿದೆ.

ಹೈದರಾಬಾದಿನಲ್ಲಿರುವ ಭಾರತೀಯ ಕೈಗಾರಿಕಾ ಒಕ್ಕೂಟದ ಹಸಿರು ಕೇಂದ್ರವು ಅಮೆರಿಕದ ಹೊರಗೆ ಪ್ಲಾಟಿನಂ ದರ್ಜೆ ಪಡೆದ ಮೊದಲ ಕಟ್ಟಡ. 2004ರಲ್ಲಿ ಅದನ್ನು ಉದ್ಘಾಟಿಸಿದವರು ಅಂದಿನ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ. ನೆರೆಯ ಮೈಸೂರಿನ ಇನ್ಫೋಸಿಸ್ ತರಬೇತಿ ಆವರಣದಲ್ಲಿಯೂ ಪ್ಲಾಟಿನಂ ದರ್ಜೆಯ ಕಟ್ಟಡವಿದೆ. ಬೆಂಗಳೂರಿನ ವೈಟ್‌ಫೀಲ್ಡ್ ಬಳಿ, ಕರಾವಳಿಯ ಬ್ಯಾರಿ ಸಮುದಾಯದ ಉದ್ಯಮಿಯೊಬ್ಬರ ಬ್ಯಾರೀಸ್ ಸಂಸ್ಥೆ ನಿರ್ಮಿಸಿದ ಸಂಶೋಧನಾ ಉದ್ಯಾನವೂ ಇದೇ ದರ್ಜೆಯನ್ನು ಪಡೆದಿದೆ. ಆದ್ದರಿಂದ ಇದು ನಮಗೆ ಎಟುಕದ ವಿದ್ಯೆಯೂ ಅಲ್ಲ, ನಮ್ಮವರಿಗೆ ಪರಿಚಯವಿಲ್ಲದ ಸಂಗತಿಯೂ ಅಲ್ಲ.

ಸಾಕ್ಷಿ ಏಕೆ ಬೇಕು?

ಒಳ್ಳೆಯ ಕೆಲಸ ಮಾಡುವವನಿಗೆ ಪ್ರಮಾಣಪತ್ರವೇಕೆ ಎಂದು ನಾವು ಕೇಳುವುದುಂಟು. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪವಿತ್ರ ಕುರ್‌ಆನ್ ಸಾಲದ ವ್ಯವಹಾರದ ಕುರಿತು ಆದೇಶಿಸುವಾಗ ಅದನ್ನು ಬರೆದಿಡಬೇಕು, ಸಾಕ್ಷಿಗಳನ್ನು ನಿಲ್ಲಿಸಬೇಕು ಎಂದು ವಿವರವಾಗಿ ತಿಳಿಸುತ್ತದೆ. ಇಬ್ಬರು ಸತ್ಯವಿಶ್ವಾಸಿಗಳ ನಡುವಿನ ವ್ಯವಹಾರಕ್ಕೇ ಬರಹ ಮತ್ತು ಸಾಕ್ಷ್ಯವನ್ನು ಕಲಿಸಿದ ಧರ್ಮ ನಮ್ಮದು. ಅದು ಪರಸ್ಪರ ಅನುಮಾನದ ಪಾಠವಲ್ಲ. ನಂಬಿಕೆಯು ಕೆಡದಂತೆ ಕಾಪಾಡುವ ಉಪಾಯ. ಹಾಗೆಯೇ ಅಳತೆ ಮತ್ತು ತೂಕದಲ್ಲಿ ಮೋಸ ಮಾಡುವವರಿಗೆ ಕುರ್‌ಆನ್ ಕಠಿಣ ಎಚ್ಚರಿಕೆ ನೀಡಿದೆ. ಇಸ್ಲಾಮೀ ಇತಿಹಾಸದಲ್ಲಿ ಸಂತೆಯ ತಕ್ಕಡಿಗಳನ್ನು ಪರಿಶೀಲಿಸಲು 'ಮುಹ್ತಸಿಬ್' ಎಂಬ ಅಧಿಕಾರಿಯೇ ಇದ್ದನು.

ಈಗ ಕಟ್ಟಡಗಳ ಸಂತೆಯನ್ನು ನೋಡಿರಿ. ಮುಂಭಾಗದಲ್ಲಿ ನಾಲ್ಕು ಕುಂಡಗಳನ್ನಿಟ್ಟವನೂ ತನ್ನದು ಪರಿಸರಸ್ನೇಹಿ ಕಟ್ಟಡವೆನ್ನುತ್ತಾನೆ. ಗೋಡೆಗೆ ಹಸಿರು ಬಣ್ಣ ಬಳಿದವನೂ ಹಾಗೆಯೇ ಹೇಳುತ್ತಾನೆ. ಮಾತನ್ನು ಅಳೆಯುವ ತಕ್ಕಡಿ ಇಲ್ಲದಿದ್ದರೆ ಪ್ರಾಮಾಣಿಕನೂ ವಂಚಕನೂ ಒಂದೇ ಬೆಲೆಗೆ ಮಾರಾಟವಾಗುತ್ತಾರೆ. ಸಾರ್ವಜನಿಕ ಹಣದಿಂದ ಕಟ್ಟುವ ವಿಶ್ವವಿದ್ಯಾನಿಲಯವೊಂದು ಜನರ ಅಮಾನತ್ತು. ಅಮಾನತ್ತಿಗೆ ಲೆಕ್ಕ ಇರಬೇಕು. ಆ ಲೆಕ್ಕವನ್ನು ಹೊರಗಿನವರೊಬ್ಬರು ನೋಡಬೇಕು. ಈ ದೃಷ್ಟಿಯಿಂದ ಹಸಿರು ಪ್ರಮಾಣಪತ್ರವನ್ನು ನಾವು ಸ್ವಾಗತಿಸುತ್ತೇವೆ.

ಫಲಕದಲ್ಲಿ ಅಡಗಿರುವ ಅಪಾಯ

ಆದರೆ ಇಲ್ಲಿಯೇ ಎಚ್ಚರಿಕೆಯೂ ಅಗತ್ಯ. ಸಾಕ್ಷ್ಯವೇ ಉದ್ದೇಶವಾಗಿಬಿಟ್ಟರೆ ಕರ್ಮವು ಟೊಳ್ಳಾಗುತ್ತದೆ. ಜನರು ನೋಡಲೆಂದು ಮಾಡುವ ಆರಾಧನೆಯನ್ನು ನಮ್ಮ ಧರ್ಮವು 'ರಿಯಾ' ಎಂದು ಕರೆದು ಖಂಡಿಸಿದೆ. ಕಟ್ಟಡಗಳಲ್ಲೂ ರಿಯಾ ಇದೆ.

ಅಂಕಗಳ ಪಟ್ಟಿ ಕೈಯಲ್ಲಿದ್ದಾಗ ಸುಲಭವಾದ ಅಂಕಗಳನ್ನು ಆರಿಸಿಕೊಳ್ಳುವುದು ಮನುಷ್ಯ ಸಹಜ. ಲೀಡ್ ಪದ್ಧತಿಯಲ್ಲಿ ಸೈಕಲ್ ನಿಲುಗಡೆಯ ಸೌಕರ್ಯಕ್ಕೂ ಅಂಕವಿದೆ. ಆದರೆ ಬಿಸಿಲಿನಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ದೂರದಿಂದ ಬರುವ ವಿದ್ಯಾರ್ಥಿಗೆ ಬೇಕಾದುದು ಸಮಯಕ್ಕೆ ಸರಿಯಾಗಿ ಬರುವ ಬಸ್ಸು. ಖಾಲಿ ಸೈಕಲ್ ನಿಲ್ದಾಣವು ಅಂಕವನ್ನು ತರಬಹುದು, ಹೊಗೆಯನ್ನು ತಗ್ಗಿಸದು. ನಕ್ಷೆಯ ಹಂತದಲ್ಲಿ ಲೆಕ್ಕ ಹಾಕಿದ ವಿದ್ಯುತ್ ಉಳಿತಾಯವು ಜನರು ಬಂದು ನೆಲೆಸಿದ ಮೇಲೆ ಕಾಣದೇ ಹೋಗುವುದೂ ಜಗತ್ತಿನ ಹಲವೆಡೆ ಕಂಡುಬಂದಿರುವ ಸಮಸ್ಯೆಯಾಗಿದೆ. ಯಂತ್ರ ಕೆಟ್ಟರೆ ರಿಪೇರಿ ಇಲ್ಲ, ಸೌರಫಲಕದ ಧೂಳು ಒರೆಸುವವರಿಲ್ಲ, ಮಳೆನೀರಿನ ಕೊಳವೆಯಲ್ಲಿ ಎಲೆ ತುಂಬಿದರೆ ತೆಗೆಯುವವರಿಲ್ಲ. ಆದರೂ ಗೋಡೆಯ ಮೇಲಿನ ಫಲಕ ಮಾತ್ರ ಹೊಳೆಯುತ್ತಲೇ ಇರುತ್ತದೆ.

ನ್ಯಾಕ್ ಮೌಲ್ಯಮಾಪನದಲ್ಲಿ ಪರಿಸರ ಮತ್ತು ಇಂಧನ ಪರಿಶೋಧನೆಯ ಕುರಿತೂ ಪ್ರಶ್ನೆಗಳಿವೆ. ಉದ್ದೇಶ ಒಳ್ಳೆಯದೇ. ಆದರೆ ತಂಡ ಬರುವ ದಿನ ಸಮೀಪಿಸಿದಾಗ ಕಾಲೇಜುಗಳಲ್ಲಿ ನಡೆಯುವುದೇನು? ಮರಗಳಿಗೆ ಹೆಸರಿನ ಚೀಟಿ ಅಂಟಿಸಲಾಗುತ್ತದೆ, ಒಣಗಿದ ಇಂಗುಗುಂಡಿಗೆ ಸುಣ್ಣ ಬಳಿಯಲಾಗುತ್ತದೆ, ಎರೆಹುಳು ಗೊಬ್ಬರದ ತೊಟ್ಟಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳಲಾಗುತ್ತದೆ. ತಂಡ ಮರಳಿದ ಮರುದಿನ ನಲ್ಲಿ ಮತ್ತೆ ಸೋರುತ್ತದೆ. ಇದನ್ನು ನಾವೆಲ್ಲರೂ ಕಂಡವರೇ. ನಮ್ಮದೇ ಸಮುದಾಯದ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಪರೀಕ್ಷಕರನ್ನು ಮೆಚ್ಚಿಸಲು ನೆಟ್ಟ ಗಿಡವನ್ನು ವಿದ್ಯಾರ್ಥಿಯು ದಿನವೂ ನೋಡುತ್ತಾನೆ. ಅದರಿಂದ ಆತನು ಕಲಿಯುವ ಪಾಠ ಪರಿಸರದ್ದಲ್ಲ, ಕಪಟದ್ದು.

ಮಣ್ಣಿನ ವಿಶ್ವವಿದ್ಯಾಲಯಗಳು

ಹಸಿರು ಆವರಣವೆಂದರೆ ಗಾಜು, ಉಕ್ಕು ಮತ್ತು ವಿದೇಶೀ ಯಂತ್ರಗಳು ಎಂಬ ಭ್ರಮೆಯನ್ನು ಮೊದಲು ಬಿಡಬೇಕು. ಮದೀನಾದ ಪ್ರವಾದಿ(ಸ)ರ ಮಸೀದಿಯ ಗೋಡೆ ಹಸಿ ಇಟ್ಟಿಗೆಯದ್ದು, ಕಂಬ ಖರ್ಜೂರದ ಕಾಂಡದ್ದು, ಚಾವಣಿ ಅದರದ್ದೇ ಗರಿಗಳದ್ದು. ಅದರ ಒಂದು ಬದಿಯ ನೆರಳಿನ ಜಗುಲಿಯೇ 'ಸುಫ್ಫಾ'. ಮನೆಮಾರಿಲ್ಲದ ಸಹಾಬಿಗಳು ಅಲ್ಲಿಯೇ ತಂಗಿ ವಿದ್ಯೆ ಕಲಿತರು. ಮೊರಾಕ್ಕೋದ ಫೆಝ್ ನಗರದಲ್ಲಿ 859ರಲ್ಲಿ ಫಾತಿಮಾ ಅಲ್ ಫಿಹ್ರಿ ಎಂಬ ಮಹಿಳೆಯು ತನ್ನ ಪಿತ್ರಾರ್ಜಿತ ಸಂಪತ್ತಿನಿಂದ ಅಲ್ ಕರವಿಯ್ಯೀನ್ ಅನ್ನು ಸ್ಥಾಪಿಸಿದರೆಂಬುದು ಪ್ರಸಿದ್ಧವಾಗಿದೆ. ಕಟ್ಟಡಕ್ಕೆ ಬೇಕಾದ ಮಣ್ಣು ಕಲ್ಲುಗಳನ್ನು ಆ ನಿವೇಶನದಿಂದಲೇ ಅಗೆದು ತೆಗೆಯಬೇಕೆಂದೂ, ನೀರಿಗೂ ಅಲ್ಲಿಯೇ ಬಾವಿ ತೋಡಬೇಕೆಂದೂ ಆಕೆ ಹಟ ಹಿಡಿದರೆಂದು ಹಳೆಯ ಚರಿತ್ರೆಕಾರರು ಹೇಳುತ್ತಾರೆ. ಬೇರೆಯವರ ಹಕ್ಕಿನ ಒಂದು ಹಿಡಿ ಮಣ್ಣೂ ಅದರಲ್ಲಿ ಸೇರಬಾರದೆಂಬುದು ಆಕೆಯ ಕಾಳಜಿ. ಸ್ಥಳೀಯ ಸಾಮಗ್ರಿಗೆ ಇಂದು ಅಂಕ ನೀಡುವವರು ಇದನ್ನು ಕೇಳಿದರೆ ಸಂತೋಷಪಡುವರು.

ನಮ್ಮದೇ ರಾಜ್ಯದ ಬೀದರಿನಲ್ಲಿ ಮಹಮೂದ್ ಗವಾನರು 1472ರಲ್ಲಿ ಕಟ್ಟಿಸಿದ ಮದ್ರಸವು ನಡುವೆ ತೆರೆದ ಅಂಗಳವನ್ನಿಟ್ಟುಕೊಂಡು ಸುತ್ತಲೂ ಕೋಣೆಗಳಿಗೆ ಗಾಳಿ ಬೆಳಕು ಹರಿಯುವಂತೆ ರಚಿತವಾಗಿದೆ. ಅದೇ ನಗರದ ನೆಲದಡಿಯಲ್ಲಿ ಬಹಮನೀ ಕಾಲದ 'ಕರೇಜ್' ಎಂಬ ಸುರಂಗ ನಾಲೆಯು ವಿದ್ಯುತ್ತಿನ ಹಂಗಿಲ್ಲದೆ ನೀರನ್ನು ಹರಿಸುತ್ತಿತ್ತು.

ಸಮೀಪದ ಕಾಲಕ್ಕೆ ಬಂದರೆ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗಾಗಿ 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದರು. ಅಲ್ಲಿನ ಸಂಶೋಧಕರು ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಗೂಡಿನಲ್ಲಿ ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ಕ್ರಮವನ್ನು ಬೆಳೆಸಿದರು. ಸುಡುವ ಸೌದೆ ಉಳಿಯಿತು, ಸಾಗಾಟದ ಖರ್ಚು ಉಳಿಯಿತು. ನೆರೆಯ ಕೇರಳದ ತಿರುವನಂತಪುರದಲ್ಲಿ ಲಾರಿ ಬೇಕರ್ ಎಪ್ಪತ್ತರ ದಶಕದಲ್ಲಿ ರೂಪಿಸಿದ ಅಭಿವೃದ್ಧಿ ಅಧ್ಯಯನ ಕೇಂದ್ರದ ಆವರಣವು ಇಟ್ಟಿಗೆಯ ಜಾಲರಿ ಗೋಡೆಗಳಿಂದಲೇ ತಂಪಾಗಿದೆ. ಆಗ ಹಸಿರು ಪ್ರಮಾಣಪತ್ರವೆಂಬುದೇ ಜಗತ್ತಿನಲ್ಲಿ ಇರಲಿಲ್ಲ. ಈ ಎಲ್ಲ ಕಟ್ಟಡಗಳ ಹಿಂದಿದ್ದುದು ಹೆಚ್ಚಿನ ಹಣವಲ್ಲ. ಕಟ್ಟುವ ಮೊದಲು ಮಾಡಿದ ಚಿಂತನೆ.

ಸುವರ್ಣಗಂಗೋತ್ರಿಯಲ್ಲಿ ಏನಾಗಬಹುದು?

ಒಂದು ಸರಳ ಲೆಕ್ಕ. ವರ್ಷಕ್ಕೆ 700 ಮಿ.ಮೀ. ಮಳೆ ಬಿದ್ದರೆ, 1000 ಚದರ ಮೀಟರ್ ವಿಸ್ತೀರ್ಣದ ಚಾವಣಿಯ ಮೇಲೆ 7 ಲಕ್ಷ ಲೀಟರ್ ನೀರು ಸುರಿಯುತ್ತದೆ. ಐದನೇ ಒಂದು ಭಾಗ ಪೋಲಾಯಿತೆಂದರೂ 5 ಲಕ್ಷದ 60 ಸಾವಿರ ಲೀಟರ್ ಉಳಿಯುತ್ತದೆ. ಹಾಸ್ಟೆಲಿನಲ್ಲಿ ನೂರು ವಿದ್ಯಾರ್ಥಿಗಳು ದಿನಕ್ಕೆ ತಲಾ 50 ಲೀಟರ್ ಬಳಸಿದರೆ ಅದು 112 ದಿನಗಳಿಗೆ ಸಾಕು. ಒಂದೇ ಕಟ್ಟಡದ ಚಾವಣಿ ಕೊಡುವ ನೀರಿದು. ಅಷ್ಟು ನೀರನ್ನು ಆವರಣವು ಕೊಳವೆಬಾವಿಯಿಂದ ಎತ್ತದಿದ್ದರೆ ಪಕ್ಕದ ರೈತನ ಬಾವಿಗೆ ಅಷ್ಟು ಉಸಿರು. ನೆರೆಯವನ ಹಕ್ಕಿನ ಕುರಿತು ನಾವು ಎಷ್ಟು ಪ್ರವಚನಗಳನ್ನು ಕೇಳಿಲ್ಲ! ನೆಲದಡಿಯ ನೀರಿನಲ್ಲಿಯೂ ನೆರೆಯವನ ಹಕ್ಕಿದೆ.

ಚಾಮರಾಜನಗರದ ಕರಿಕಲ್ಲು ಹಡಗನ್ನೇರಿ ದೇಶವಿದೇಶಗಳ ಮಹಲುಗಳನ್ನು ಸೇರುತ್ತದೆ. ಕಲ್ಲುಕೋರೆಯ ಧೂಳನ್ನು ಮಾತ್ರ ಇಲ್ಲಿನವರು ಕುಡಿಯುತ್ತಾರೆ. ಕೋರೆಗಳಲ್ಲಿ ಉಳಿಯುವ ತುಂಡು ಕಲ್ಲುಗಳನ್ನು ಗೋಡೆಗೆ ಬಳಸಬಾರದೇಕೆ? ಬಯಲುಸೀಮೆಯ ಬಿಸಿಲಿಗೆ ಗಾಜಿನ ಮುಂಭಾಗ ಹೊಂದುವುದಿಲ್ಲ. ಅದು ಶಾಖವನ್ನು ಒಳಗೆ ಬಿಟ್ಟುಕೊಂಡು, ಆಮೇಲೆ ಅದನ್ನು ಹೊರಹಾಕಲು ಹವಾನಿಯಂತ್ರಣ ಯಂತ್ರವನ್ನು ಬೇಡುತ್ತದೆ. ದಪ್ಪ ಗೋಡೆ, ಆಳವಾದ ಜಗುಲಿ, ಉತ್ತರ ದಕ್ಷಿಣಕ್ಕೆ ಮುಖ ಮಾಡಿದ ಕಿಟಕಿಗಳು, ಪಶ್ಚಿಮಕ್ಕೆ ಬೇವು ಹೊಂಗೆಯ ಸಾಲು ಇವೆಲ್ಲ ಒಮ್ಮೆ ಮಾತ್ರ ಹಣ ಕೇಳುತ್ತವೆ, ಮುಂದೆ ಐವತ್ತು ವರ್ಷ ಉಳಿಸಿಕೊಡುತ್ತವೆ. ನಡೆಸಲು ಹಣವಿಲ್ಲವೆಂಬ ಮಾತನ್ನು ಎದುರಿಸುತ್ತಿರುವ ವಿಶ್ವವಿದ್ಯಾನಿಲಯಕ್ಕೆ ಇದಕ್ಕಿಂತ ಮಿಗಿಲಾದ ಉತ್ತರ ಯಾವುದಿದೆ?

ಆದ್ದರಿಂದ ನಮ್ಮ ಅಪೇಕ್ಷೆ ಮೂರು. ಮೊದಲನೆಯದಾಗಿ, ಅಲ್ಲಿ ಮುಂದೆ ನಿರ್ಮಿಸುವ ಯಾವುದೇ ಕಟ್ಟಡದ ನಕ್ಷೆ ತಯಾರಾಗುವ ಮೊದಲೇ ಹಸಿರು ಮಾನದಂಡಗಳನ್ನು ಮುಂದಿರಿಸಿಕೊಳ್ಳಬೇಕು. ಕಟ್ಟಿದ ಮೇಲೆ ಅಂಕಕ್ಕಾಗಿ ಅಲಂಕರಿಸುವುದು ದುಬಾರಿ. ಎರಡನೆಯದಾಗಿ, ಪ್ರಮಾಣಪತ್ರ ದೊರೆತರೂ ದೊರೆಯದಿದ್ದರೂ ಆವರಣವು ಬಳಸಿದ ನೀರು, ವಿದ್ಯುತ್ತು ಮತ್ತು ಹೊರಹಾಕಿದ ಕಸದ ಲೆಕ್ಕವನ್ನು ಪ್ರತಿ ವರ್ಷ ಮುಖ್ಯ ದ್ವಾರದಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕು. ಮೂರನೆಯದಾಗಿ, ಆ ಅಳತೆಯ ಕೆಲಸವನ್ನು ವಿದ್ಯಾರ್ಥಿಗಳಿಗೇ ವಹಿಸಬೇಕು. ಇಂಡೋನೇಷ್ಯಾ ವಿಶ್ವವಿದ್ಯಾಲಯವು 2010ರಲ್ಲಿ ಆರಂಭಿಸಿದ 'ಗ್ರೀನ್‌ಮೆಟ್ರಿಕ್' ಶ್ರೇಯಾಂಕವು ಜಗತ್ತಿನ ವಿಶ್ವವಿದ್ಯಾಲಯಗಳನ್ನು ನೀರು, ಇಂಧನ, ತ್ಯಾಜ್ಯ, ಸಾರಿಗೆ ಮುಂತಾದವುಗಳ ಜೊತೆಗೆ ಶಿಕ್ಷಣ ಮತ್ತು ಸಂಶೋಧನೆಯ ಆಧಾರದಲ್ಲಿಯೂ ಅಳೆಯುತ್ತದೆ. ಕಟ್ಟಡವೇ ಪಾಠವಾಗಬೇಕೆಂಬ ಆಶಯ ಅದರಲ್ಲಿದೆ. ಮೀಟರ್ ಓದಲು ಕಲಿತ ವಿದ್ಯಾರ್ಥಿಯು ನಾಳೆ ತನ್ನ ಮನೆಯ ಮೀಟರನ್ನೂ ಓದುವನು.

ನಮ್ಮ ಅಂಗಳದಿಂದಲೇ

ಸರಕಾರಕ್ಕೆ ಬುದ್ಧಿ ಹೇಳುವ ಮೊದಲು ನಮ್ಮ ಮಸೀದಿ, ಮದ್ರಸ ಮತ್ತು ಶಾಲೆಗಳತ್ತ ನೋಡೋಣ. ಪ್ರವಾದಿ(ಸ)ರು ಒಂದು 'ಮುದ್ದ್' ನೀರಿನಿಂದ, ಅಂದರೆ ಒಂದು ಲೀಟರಿಗಿಂತಲೂ ಕಡಿಮೆ ನೀರಿನಿಂದ ವುಝೂ ಮಾಡುತ್ತಿದ್ದರೆಂದು ಹದೀಸ್‌ಗಳು ತಿಳಿಸುತ್ತವೆ. ಹರಿಯುವ ನದಿಯ ದಡದಲ್ಲಿದ್ದರೂ ನೀರನ್ನು ದುಂದು ಮಾಡಬಾರದೆಂಬ ಬೋಧನೆಯನ್ನು ಮದ್ರಸದ ಮಗುವೂ ಬಲ್ಲದು. ನಿಮಿಷಕ್ಕೆ 6 ಲೀಟರ್ ಸುರಿಸುವ ನಲ್ಲಿಯನ್ನು ಎರಡು ನಿಮಿಷ ತೆರೆದಿಟ್ಟರೆ 12 ಲೀಟರ್ ಹೋಯಿತು. ಜುಮಾ ದಿನ ಇನ್ನೂರು ಜನರು ಹಾಗೆ ಮಾಡಿದರೆ 2400 ಲೀಟರ್. ನಲ್ಲಿಯ ಹರಿವನ್ನು ತಗ್ಗಿಸಿ ತಲಾ 3 ಲೀಟರಿಗೆ ಇಳಿಸಿದರೆ ಒಂದೇ ನಮಾಝ್‌ನಲ್ಲಿ 1800 ಲೀಟರ್ ಉಳಿಯಿತು. ವುಝೂವಿನ ನೀರನ್ನು ಚರಂಡಿಗೆ ಬಿಡದೆ ಅಂಗಳದ ಗಿಡಗಳಿಗೆ ಹಾಯಿಸಲು ಯಾವ ಸಲಹೆಗಾರರ ಶುಲ್ಕವೂ ಬೇಕಾಗಿಲ್ಲ.

ಮಾದರಿಗಳೂ ದೂರವಿಲ್ಲ. ಉಡುಪಿ ಜಿಲ್ಲೆಯ ಕುಂದಾಪುರದ ಕೋಡಿಯಲ್ಲಿ ಬದ್ರಿಯಾ ಜುಮಾ ಮಸೀದಿಯನ್ನು ಗಾಳಿ ಮತ್ತು ಬಿಸಿಲಿನಿಂದ ತನ್ನ ವಿದ್ಯುತ್ತನ್ನು ತಾನೇ ಪಡೆಯುವಂತೆ ರೂಪಿಸಲಾಗಿದೆ. ಜಕಾರ್ತಾದ ಇಸ್ತಿಕ್‌ಲಾಲ್ ಮಸೀದಿಗೆ 2022ರಲ್ಲಿ 'ಎಡ್ಜ್' ಎಂಬ ಅಂತಾರಾಷ್ಟ್ರೀಯ ಹಸಿರು ಪ್ರಮಾಣಪತ್ರ ದೊರೆಯಿತು. ಜಗತ್ತಿನಲ್ಲಿ ಅದನ್ನು ಪಡೆದ ಮೊದಲ ಆರಾಧನಾಲಯ ಅದು. ಹೊಸ ಮಸೀದಿಗೆ ಚಂದಾ ಎತ್ತುವಾಗ ಮಿನಾರದ ಎತ್ತರವನ್ನು ಚರ್ಚಿಸುವ ನಮ್ಮ ಜಮಾಅತ್‌ಗಳು ಚಾವಣಿಯ ನೀರು ಎಲ್ಲಿಗೆ ಹೋಗುವುದೆಂದು ಒಮ್ಮೆ ಕೇಳಿದರೆ ಅದೇ ಒಳ್ಳೆಯ ಆರಂಭ.

ಪ್ರಿಯ ಓದುಗರೇ, ನಿಮ್ಮ ಮಗ ಅಥವಾ ಮಗಳು ಸುವರ್ಣಗಂಗೋತ್ರಿಯಲ್ಲಿಯೋ ಬೇರೆ ಕಾಲೇಜಿನಲ್ಲಿಯೋ ಓದುತ್ತಿದ್ದರೆ ಈ ಸಂಜೆ ಒಂದು ಪ್ರಶ್ನೆ ಕೇಳಿರಿ. ನಿಮ್ಮ ಕಾಲೇಜಿನ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಅವರಿಗೆ ಗೊತ್ತಿಲ್ಲದಿದ್ದರೆ ನಾಳೆ ತಿಳಿದು ಬರಲು ಹೇಳಿರಿ. ಯಾವ ಹಸಿರು ಪರಿಶೋಧನೆಯಾದರೂ ಈ ಪ್ರಶ್ನೆಯಿಂದಲೇ ಆರಂಭವಾಗಬೇಕು.

ಪರೀಕ್ಷಕರು ಬಂದು ಹೋಗುತ್ತಾರೆ. ಫಲಕವು ತುಕ್ಕು ಹಿಡಿಯುತ್ತದೆ. ಆದರೆ ಅಂತ್ಯದಿನದಂದು ಭೂಮಿಯು ತನ್ನ ಮೇಲೆ ನಡೆದುದೆಲ್ಲವನ್ನೂ ತಾನೇ ತಿಳಿಸುವುದೆಂದು ಕುರ್‌ಆನ್ ನಮಗೆ ಮುನ್ಸೂಚನೆ ನೀಡಿದೆ. ಕೊರೆದ ಬಾವಿ, ಕಡಿದ ಮರ, ಪೋಲು ಮಾಡಿದ ನೀರು ಮತ್ತು ನೆಟ್ಟು ಬೆಳೆಸಿದ ಗಿಡ ಎಲ್ಲವೂ ಆ ಸಾಕ್ಷ್ಯದಲ್ಲಿ ಸೇರಿರುತ್ತವೆ. ಆ ಸಾಕ್ಷಿಯ ಮುಂದೆ ತಲೆತಗ್ಗಿಸದಂತೆ ನಮ್ಮ ವಿದ್ಯಾಲಯಗಳನ್ನೂ ಮಸೀದಿಗಳನ್ನೂ ಮನೆಗಳನ್ನೂ ಕಟ್ಟಲು ಅಲ್ಲಾಹನು ನಮಗೆ ಅನುಗ್ರಹಿಸಲಿ. ಆಮೀನ್.